ಸಹಿ ತಾಳೆ ಆಗೂದಿಲ್ಲರೀ

ಧಾರವಾಡದಲ್ಲಿ ಬಾಂಡ್ ಬರೆಯಲು ಕೂತು 31 ವರ್ಷವಾಯಿತು. ಮೊದಲು ಕೈಯಲ್ಲಿ ಬರೆಯುತ್ತಿದ್ದೆ, ಆಮೇಲೆ ಟೈಪ್‌ರೈಟರ್ ಬಂತು, ಈಗ ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶ. ಖರೀದಿ ಪತ್ರ, ಆಸ್ತಿ ಪಾಲು ಮಾಡುವ ವಾಟ್ನಿ ಪತ್ರ, ದಾನದ ಬಕ್ಷೀಸು ಪತ್ರ, ಮೃತ್ಯುಪತ್ರ ಎಲ್ಲ ಬರೆಯುತ್ತೇನೆ. ವರ್ಷಕ್ಕೆ ನಾಲ್ಕೈದು ದತ್ತಕ ಪತ್ರವೂ ಬರುತ್ತವೆ. ನನಗೆ ಖುಷಿ ಕೊಡುವ ಕೆಲಸ ಅದೊಂದೇ. ವಾಟ್ನಿಗೆ ಬಂದ ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ದತ್ತಕಕ್ಕೆ ಬಂದವರು ಪೇಡೆ ತರುತ್ತಾರೆ.

ನಾನೂ ದತ್ತಕ ಹೋದವನೇ. ನಾಲ್ಕು ವರ್ಷದವನಿದ್ದಾಗ ನನ್ನನ್ನು ದೊಡ್ಡವ್ವನ ಉಡಿಯಲ್ಲಿ ಹಾಕಿದರು. ನೆನಪಿರುವುದು ಬಾಯಿಗೆ ಹಾಕಿದ ಸಕ್ಕರೆ, ಮತ್ತೆ ಅವಳ ಇಳಕಲ್ ಸೀರೆಯ ಡಾಂಬರ ಗುಳಿಗೆ ವಾಸನೆ. ಅಷ್ಟೇ.

ಹೈಸ್ಕೂಲಿನಲ್ಲಿ ಇತಿಹಾಸದ ಪಾಠ ನಡೆದಿತ್ತು. ಬ್ರಿಟಿಷ್ ಗವರ್ನರ್ ಜನರಲ್ ಡಾಲ್‌ಹೌಸಿ ಬಂದ. ಮಾಸ್ತರು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು: ದತ್ತು ಮಕ್ಕಳಿಗೆ ಹಕ್ಕಿಲ್ಲ. ಇಡೀ ಕ್ಲಾಸು ತಿರುಗಿ ನನ್ನನ್ನು ನೋಡಿತು. ಸಂಜೆ ಮನೆಗೆ ಬಂದು ದೊಡ್ಡವ್ವನಿಗೆ ಹೇಳಿದೆ. "ಯಾರಪಾ ಅಂವಾ? ಯಾ ಊರಾಂವ?" ಅಂತ ಕೇಳಿದಳು. ರೊಟ್ಟಿ ಬಡಿಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಅವಳು ತೀರಿಕೊಂಡು ಎರಡು ವರ್ಷವಾಯಿತು. ಒಂದು ಕಡೆ ಸ್ವಲ್ಪ ಠೇವಣಿ ಇಟ್ಟಿದ್ದಳು. ಯಾವ ಆಫೀಸು ಅಂತ ಹೇಳುವುದಿಲ್ಲ, ಬಿಡಿ. ಕೊನೆಯ ತಿಂಗಳಲ್ಲಿ, ಹಾಸಿಗೆಯಲ್ಲೇ ಕೂತು ನನ್ನ ಹೆಸರಿಗೆ ಒಂದು ಅರ್ಜಿಗೆ ಸಹಿ ಮಾಡಿದ್ದಳು. ಅದನ್ನು ತಗೊಂಡು ಹೋದೆ. ಗಾಜಿನ ಆಚೆ ಕೂತ ಹುಡುಗ ಸ್ಕ್ರೀನ್ ನೋಡಿದ, ಕಾಗದ ನೋಡಿದ. "ಸಹಿ ತಾಳೆ ಆಗೂದಿಲ್ಲರೀ. ಇದು ಅವರs ಮಾಡಿದ್ದು ಅಂತ ಹೆಂಗ ನಂಬೂದು?" ಅಂದ.

ಈ ಮಾತನ್ನು ನನ್ನ ಪಕ್ಷಗಾರರಿಗೆ ಹೇಳಿದ್ದು ಸಾವಿರ ಸಲ ಕೇಳಿದ್ದೇನೆ. ನನಗೇ ಹೇಳಿದ್ದು ಅವತ್ತೇ ಮೊದಲು. ಹೊರಗೆ ಬಂದು ಗಿಡದ ನೆರಳಲ್ಲಿ ನಿಂತೆ. ಆಗ ನೆನಪಾದವನು ಕಿತ್ತೂರಿನ ಕಾಲದ ಕಲೆಕ್ಟರ್ ಥ್ಯಾಕರೆ.

ಕಿತ್ತೂರಿನ ಕಥೆ ಅಂದರೆ ನಮಗೆ ಕುದುರೆ, ಕತ್ತಿ, ಚನ್ನಮ್ಮನ ಪುತ್ಥಳಿ. ಹುಬ್ಬಳ್ಳಿಯ ಚನ್ನಮ್ಮ ಸರ್ಕಲ್ಲಿನಲ್ಲಿ ದಿನಾ ನೋಡುತ್ತೇವಲ್ಲ. ಆದರೆ ಅದು ಶುರುವಾಗಿದ್ದು ಒಂದು ಪತ್ರದಿಂದ, ಮತ್ತು ಅದು ಬಂದಿದ್ದು ನಮ್ಮ ಧಾರವಾಡಕ್ಕೇ. ಚನ್ನಮ್ಮನ ಗಂಡ ಮಲ್ಲಸರ್ಜ ದೇಸಾಯಿ 1816ರಲ್ಲೇ ತೀರಿಕೊಂಡಿದ್ದ. ಮೊದಲ ಹೆಂಡತಿಯ ಮಗ ಶಿವಲಿಂಗರುದ್ರ ಸರ್ಜ ಪಟ್ಟಕ್ಕೆ ಬಂದ. ಅವನಿಗೆ ಮಕ್ಕಳಿರಲಿಲ್ಲ, ಆರೋಗ್ಯವೂ ನೆಟ್ಟಗಿರಲಿಲ್ಲ. ಮಾಸ್ತಮರಡಿಯ ಗೌಡರ ಮನೆಯ ಹುಡುಗ ಶಿವಲಿಂಗಪ್ಪನನ್ನು ದತ್ತಕ ತಗೊಂಡಿದ್ದೇನೆ ಅಂತ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆಗೆ ಪತ್ರ ಹೋಯಿತು. ಪತ್ರದ ಮೇಲಿನ ತಾರೀಖು 1824ರ ಜುಲೈ 10. ಕಲೆಕ್ಟರನ ಕೈಗೆ ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ. ಅವನು ಡಾಕ್ಟರನನ್ನು ಕಿತ್ತೂರಿಗೆ ಕಳಿಸಿದ. ಅಷ್ಟರಲ್ಲಿ ಶಿವಲಿಂಗರುದ್ರ ದೇಸಾಯಿ ತೀರಿಕೊಂಡಾಗಿತ್ತು. ಥ್ಯಾಕರೆಗೆ ಅನುಮಾನ ಬಂದಿದ್ದು ಸಹಿಯ ಮೇಲೆ. ಇದು ದೇಸಾಯಿ ಮಾಡಿದ ಸಹಿಯಲ್ಲ, ದತ್ತಕವೇ ಖೊಟ್ಟಿ ಅಂದ.

ನಿಜ ಹೇಳಲಾ? ಆ ಪತ್ರ ನನ್ನ ಟೇಬಲ್ಲಿಗೆ ಬಂದಿದ್ದರೆ ನನಗೂ ಅನುಮಾನ ಬರುತ್ತಿತ್ತು. ಜುಲೈ ತಾರೀಖಿನ ಕಾಗದ ಸೆಪ್ಟೆಂಬರಿನಲ್ಲಿ ಬಂದರೆ ಯಾವ ಬಾಂಡ್ ರೈಟರಾದರೂ ಹುಬ್ಬು ಏರಿಸುತ್ತಾನೆ. ಆದರೆ ಜಡ್ಡು ಬಿದ್ದವರ ಸಹಿ ಹೇಗಿರುತ್ತದೆ ಅಂತ ನನಗೆ ಗೊತ್ತು. ಕಲಘಟಗಿ ಹತ್ತಿರದ ಒಂದು ಹಳ್ಳಿಗೆ ಮೃತ್ಯುಪತ್ರ ಬರೆಯಲು ಹೋಗಿದ್ದೆ. ಮುದುಕರು ಪೆನ್ನು ಹಿಡಿದರು. ಮೊದಲ ಎರಡು ಅಕ್ಷರ ಮುತ್ತಿನಂತೆ ಬಂದವು. ಮೂರನೆಯದು ಕೆಳಗೆ ಜಾರಿತು, ಜಾರುತ್ತಾ ಜಾರುತ್ತಾ ಕಾಗದ ದಾಟಿ ಅಡಿಗಿಟ್ಟಿದ್ದ ರಟ್ಟಿನ ಮೇಲೆ ಹೋಯಿತು. ಅವರಿಗೆ ಗೊತ್ತೇ ಆಗಲಿಲ್ಲ. "ಆತಲ್ಲ?" ಅಂತ ಕೇಳಿದರು. "ಆತ್ರೀ ಅಜ್ಜಾರ" ಅಂದೆ. ಆಮೇಲೆ ಮೆಲ್ಲಗೆ ಎಡಗೈ ಹೆಬ್ಬೆರಳು ಹಿಡಿದು ಶಾಯಿಗೆ ಒತ್ತಿದೆ. ಅವತ್ತಿನಿಂದ ಹಾಸಿಗೆ ಹಿಡಿದವರದು ಸಹಿಯ ಜೊತೆ ಹೆಬ್ಬೆಟ್ಟೂ ತಗೊಳ್ಳುತ್ತೇನೆ.

ಇನ್ನೊಂದು ಮಾತು. ಅನುಮಾನ ಬಂದರೆ ಏನು ಮಾಡಬೇಕು? ದೈವದವರನ್ನು, ಅಂದರೆ ಊರ ಹಿರಿಯರನ್ನು, ಕರೆದು ಕೇಳಬೇಕು. ಉಡಿಯಲ್ಲಿ ಹಾಕುವಾಗ ಯಾರಿದ್ದರು, ಸಕ್ಕರೆ ಯಾರು ಹಂಚಿದರು ಅಂತ ವಿಚಾರಿಸಬೇಕು. ಥ್ಯಾಕರೆ ಖಜಾನೆಗೆ ಸೀಲು ಹಾಕಿಸಿದ, ತನ್ನ ಕಾವಲು ಕೂಡಿಸಿದ. ಕಾಗದ ಸುಳ್ಳೋ ಖರೆಯೋ ನೋಡುವವನ ಕಣ್ಣು ಪೆಟ್ಟಿಗೆಯ ಮೇಲೆ ಇದ್ದರೆ ಆ ಕಾಗದ ಎಂದಾದರೂ ಖರೆ ಆಗುತ್ತದಾ? ಅದಕ್ಕಿಂತ ಮೊದಲಿನ ಪ್ರಶ್ನೆಯೂ ಇದೆ. ತನ್ನ ಮನೆಗೆ ಯಾರನ್ನು ಮಗ ಅಂತ ತಂದುಕೊಳ್ಳಬೇಕು ಅಂತ ಕಿತ್ತೂರಿನವರು ಸಮುದ್ರದಾಚೆಯಿಂದ ಬಂದ ಕಂಪನಿಯನ್ನು ಯಾಕೆ ಕೇಳಬೇಕಿತ್ತು?

ಮುಂದಿನದು ಎಲ್ಲರಿಗೂ ಗೊತ್ತು. ಅಕ್ಟೋಬರ್ 23ರಂದು ಕೋಟೆಯ ಬಾಗಿಲು ಹಾಕಿತ್ತು. ತೆಗೆಯದಿದ್ದರೆ ತೋಪಿನಿಂದ ಒಡೆಯುತ್ತೇನೆ ಅಂತ ಥ್ಯಾಕರೆ ಗಡುವು ಕೊಟ್ಟ. ಬಾಗಿಲು ತೆಗೆಯಿತು, ಒಳಗಿದ್ದವರು ಹೊಳೆಯಂತೆ ಹೊರಗೆ ಬಂದರು. ಅಮಟೂರು ಬಾಳಪ್ಪನ ಗುಂಡಿಗೆ ಥ್ಯಾಕರೆ ಬಿದ್ದ. ಅವನ ಕೈಕೆಳಗಿನ ಸ್ಟೀವನ್ಸನ್, ಎಲಿಯಟ್ ಇಬ್ಬರೂ ಸೆರೆ ಸಿಕ್ಕರು. ಅವರ ಕೂದಲೂ ಕೊಂಕಲಿಲ್ಲ. ಈ ವಾಲ್ಟರ್ ಎಲಿಯಟ್ ಮುಂದೆ ನಮ್ಮ ಕಡೆಯ ಊರೂರಿನ ಶಾಸನಗಳನ್ನು ನಕಲು ಮಾಡಿಸಿದ. ಹಳೆಯ ದಾನಪತ್ರಗಳನ್ನೇ ಅಲ್ವಾ ಕಲ್ಲಿನ ಮೇಲೆ ಕೆತ್ತಿದ್ದು! ನನಗೆ ಅವನ ಮೇಲೆ ಸಿಟ್ಟು ಬರುವುದಿಲ್ಲ.

ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂತು. 5ನೇ ತಾರೀಖು ಕೋಟೆ ಬಿತ್ತು. ಚನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡಳು. ಆಗಲೂ ಆ ದತ್ತಕ ಮುಗಿಯಲಿಲ್ಲ. ಸಂಗೊಳ್ಳಿ ರಾಯಣ್ಣ ಹೋರಾಡಿದ್ದು ಅದೇ ಹುಡುಗ ಶಿವಲಿಂಗಪ್ಪನನ್ನು ಪಟ್ಟಕ್ಕೆ ಕೂಡಿಸಲಿಕ್ಕೆ. ರಾಯಣ್ಣನ ಮನೆತನಕ್ಕೆ ರಕ್ತಮಾನ್ಯದ, ಅಂದರೆ ಶೌರ್ಯಕ್ಕೆ ಕೊಟ್ಟ, ಹೊಲವಿತ್ತು. ಅದಕ್ಕೂ ಹೊಸ ಸರಕಾರ ಕೈ ಹಾಕಿತ್ತು. ಅವನ ಜನ ಹೋಗಿ ಸುಟ್ಟಿದ್ದೇನನ್ನು? ಬೀಡಿ, ಸಂಪಗಾವಿ ಊರುಗಳ ಸರಕಾರಿ ಕಚೇರಿಗಳನ್ನು. ಕಾಗದದಿಂದ ಹೊಟ್ಟೆ ಹೊರೆಯುವವನು ನಾನು, ದಫ್ತರ ಸುಟ್ಟರು ಅಂದರೆ ಎದೆ ಝಲ್ಲೆನ್ನಬೇಕು. ಅಂಥದ್ದೇನೂ ಆಗುವುದಿಲ್ಲ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

ನನ್ನ ಹೆಂಡತಿಯ ತವರು ನರಗುಂದ. ಅಲ್ಲಿ ನಮ್ಮ ಮಾವ ಗುಡ್ಡ ತೋರಿಸಿ ಬಾಬಾಸಾಹೇಬನ ಕಥೆ ಹೇಳುತ್ತಿದ್ದರು. ಭಾಸ್ಕರರಾವ್ ಭಾವೆ, ನರಗುಂದದ ಸಂಸ್ಥಾನಿಕ. ಮೂರ್ನಾಲ್ಕು ಸಾವಿರ ಸಂಸ್ಕೃತ ಪುಸ್ತಕ ಕೂಡಿಹಾಕಿದ್ದ ಮನುಷ್ಯ. ಅವನಿಗೂ ಮಗನಿರಲಿಲ್ಲ. ದತ್ತಕಕ್ಕೆ ಅನುಮತಿ ಕೇಳಿದ, ಸರಕಾರ ಕೊಡಲಿಲ್ಲ. ಕಿತ್ತೂರಿನಲ್ಲಿ ಒಬ್ಬ ಕಲೆಕ್ಟರನ ಅನುಮಾನವಾಗಿದ್ದದ್ದು ಅಷ್ಟೊತ್ತಿಗೆ ಇಡೀ ದೇಶದ ನೀತಿಯಾಗಿತ್ತು. 1858ರ ಮೇ 29ರ ರಾತ್ರಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಸುರೇಬಾನದಲ್ಲಿ ತಂಗಿದ್ದ. ಬಾಬಾಸಾಹೇಬನ ಜನ ಅಲ್ಲೇ ಅವನನ್ನು ಕೊಂದು, ತಲೆಯನ್ನು ನರಗುಂದದ ಅಗಸಿಗೆ, ಊರ ಬಾಗಿಲಿಗೆ, ತೂಗು ಹಾಕಿದರು. ಮಾವ ಇದನ್ನು ಭಾರಿ ಉಮೇದಿನಿಂದ ಹೇಳುತ್ತಿದ್ದರು. ನನಗೆ ಮಾತ್ರ ಆ ಜಾಗಕ್ಕೆ ಬಂದಾಗ ಚಹಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಎರಡೇ ವಾರದಲ್ಲಿ, ಜೂನ್ 12ಕ್ಕೆ, ಬಾಬಾಸಾಹೇಬನಿಗೆ ಬೆಳಗಾವಿಯಲ್ಲಿ ಗಲ್ಲು. ಅವನ ತಾಯಿ, ಹೆಂಡತಿ ಮಲಪ್ರಭೆಗೆ ಹಾರಿ ಜೀವ ಕೊಟ್ಟರು. ಆ ಪುಸ್ತಕಗಳ ಗತಿ ಏನಾಗಿರಬೇಡ ಅಂತ ಗುಡ್ಡ ನೋಡಿದಾಗಲೆಲ್ಲ ಅನಿಸುತ್ತದೆ.

ಅದೇ ದಿನಗಳಲ್ಲಿ ಮುಂಡರಗಿ ಭೀಮರಾಯನೂ ಎದ್ದಿದ್ದ. ಸರಕಾರಿ ನೌಕರಿ ಮಾಡಿದ್ದವನು, ಕಚೇರಿಯ ರೀತಿ ರಿವಾಜು ಅವನಿಗೆ ಅಂಗೈ ಗೆರೆ. ಹಮ್ಮಿಗಿಯಲ್ಲಿ ಬಚ್ಚಿಟ್ಟ ಆಯುಧ ಸರಕಾರದವರಿಗೆ ಸಿಕ್ಕಿ ಕಾವಲು ಬಿದ್ದಾಗ, ಹೋಗಿ ಬಿಡಿಸಿಕೊಂಡು ಬಂದ. ಡಂಬಳದ ಖಜಾನೆ ಲೂಟಿ ಮಾಡಿದ. ಜೂನ್ 1ರಂದು ಕೊಪ್ಪಳದ ಕೋಟೆಯಲ್ಲಿ ಹೋರಾಡುತ್ತಲೇ ಸತ್ತ.

ಈಗಿನ ಕಾನೂನು ಬೇರೆ. 1956ರ ಹಿಂದೂ ದತ್ತಕ ಕಾಯ್ದೆಯ 16ನೇ ಕಲಮು ನನಗೆ ಬಾಯಿಪಾಠ. ಕೊಡುವವರು, ತಗೊಳ್ಳುವವರು ಇಬ್ಬರೂ ಸಹಿ ಮಾಡಿದ ದತ್ತಕ ಪತ್ರ ನೋಂದಣಿ ಆಗಿದ್ದರೆ, ಸುಳ್ಳು ಅಂತ ಸಾಬೀತಾಗುವವರೆಗೆ ಕೋರ್ಟು ಅದನ್ನು ಖರೆ ಅಂತಲೇ ಹಿಡಿಯಬೇಕು. ಥ್ಯಾಕರೆ ಹಿಡಿದ ದಾರಿಗೆ ಪೂರಾ ಉಲ್ಟಾ. ಪಕ್ಷಗಾರರಿಗೆ ಇದನ್ನು ಓದಿ ಹೇಳುವಾಗ ನನ್ನ ದನಿ ಸ್ವಲ್ಪ ಜಾಸ್ತಿ ಏರುತ್ತದೆ ಅಂತ ಪಕ್ಕದ ಟೇಬಲ್ಲಿನವರು ನಗುತ್ತಾರೆ.

ಮನೆಗೆ ಬಂದು ಟ್ರಂಕು ತೆಗೆದೆ. ನನ್ನ ದತ್ತಕ ಪತ್ರ ತಳದಲ್ಲಿತ್ತು, ಮಡಿಕೆಯಲ್ಲಿ ಹರಿದಿತ್ತು. ಬರೆದವರು ಯಾರೋ ಹಳೆಯ ಕಾಲದವರು, ಮೋಡಿ ಲಿಪಿ ಕಲಿತ ಕೈ ಅಂತ ಅಕ್ಷರದ ಬಾಗು ನೋಡಿದರೆ ತಿಳಿಯುತ್ತದೆ. ಕೆಳಗೆ ದೊಡ್ಡವ್ವನ ಸಹಿ. ಅದರ ಪಕ್ಕದಲ್ಲೇ ಹೆಬ್ಬೆಟ್ಟು. ಸಹಿ ಬರುತ್ತಿದ್ದವಳ ಹೆಬ್ಬೆಟ್ಟು ಯಾಕೆ ತಗೊಂಡರೋ! ನಡುವೆ ಒಂದು ಅಡ್ಡ ಗೆರೆ ಇತ್ತು. ವಿಳ್ಳಿ (ಈಳಿಗೆ) ಹೆಚ್ಚಿದ ಗಾಯ, ಮಳೆಗಾಲದಲ್ಲಿ ಅದನ್ನು ಅವಳು ತಿಕ್ಕಿಕೊಳ್ಳುತ್ತಿದ್ದಳು.

ಮರುದಿನ ಗಾಜಿನ ಕೆಳಗಿಂದ ಅದನ್ನು ಒಳಗೆ ತಳ್ಳಿದೆ. ಅಷ್ಟು ಹಳೆಯ ಕಾಗದ ಕಂಡು ಹುಡುಗ ಎರಡೂ ಕೈಯಲ್ಲಿ ಹಿಡಿದ. ಸಹಿ ನೋಡಿದ, ಹೆಬ್ಬೆಟ್ಟು ನೋಡಿದ, ನನ್ನ ಮುಖ ನೋಡಿದ.

"ಎರಡು ಝೆರಾಕ್ಸ್ ತಗೊಂಡ ಬರ್ರಿ" ಅಂದ. "ಒರಿಜಿನಲ್ ನನ್ನ ಕಡೆ ಬಿಡಬ್ಯಾಡ್ರಿ."