ರಾಸ್ತ್ ಮಕಾಮಿನ ಗಾಂಧಾರ

ಕೈರೋದಲ್ಲಿ ನನಗೆ ಔದ್ ಎಂಬ ಅರಬ್ ತಂತಿವಾದ್ಯ ಕಲಿಸಿದ ಉಸ್ತಾಜರು ಕಳೆದ ತಿಂಗಳು ತೀರಿಕೊಂಡರು. ನಮ್ಮ ಕಾಲೇಜಿನಲ್ಲಿ ಪಿಟೀಲು ಮುಗಿಸಿ, ವಿದ್ಯಾರ್ಥಿವೇತನದ ಮೇಲೆ ಅಲ್ಲಿನ ವಿಶ್ವವಿದ್ಯಾಲಯವೊಂದರ ಸಂಗೀತ ವಿಭಾಗ ಸೇರಿದ್ದ ನಾನು ಎರಡು ವರ್ಷ ಅವರ ಎದುರು ಕುಳಿತಿದ್ದೆ. ಈ ಸಂಚಿಕೆಗೆ ಬರೆಯಲು ಕುಳಿತರೆ ಮನಸ್ಸು ಅಲ್ಲಿಗೇ ಓಡುತ್ತದೆ.

ಓದುತ್ತಿದ್ದವರೆಲ್ಲ ಹೆಚ್ಚುಕಡಿಮೆ ಅರಬ್ ಮಕ್ಕಳು. ಪಾಠ ಮಾತ್ರ ಪಿಯಾನೊ, ಹಾರ್ಮನಿ ಮತ್ತು ಪಾಶ್ಚಾತ್ಯ ಸ್ವರಲಿಪಿ. ನಮ್ಮ ರಾಗದಂತಿರುವ ಅರಬ್ಬರ ಮಕಾಮಿಗೆ ವಾರಕ್ಕೆ ಎರಡು ತಾಸು. ದಕ್ಷಿಣ ಈಜಿಪ್ಟಿನ ಸೊಹಾಗ್ ಕಡೆಯ ಗೆಳೆಯನೊಬ್ಬನ ತಂದೆ ಹಳ್ಳಿಯಲ್ಲಿ ಭಕ್ತಿಪದ ಹಾಡುವ ಮುನ್ಶಿದ್. ಕುರಾನ್ ಪಠಣದಲ್ಲೇ ಮಗನ ಕಿವಿ ಪಳಗಿತ್ತು. ಸ್ವರಲಿಪಿ ನೋಡಿ ಹಾಡುವ ಪರೀಕ್ಷೆಯಲ್ಲಿ ಅವನ ಗಾಂಧಾರ ತಾನಾಗಿಯೇ ರಾಸ್ತ್ ಮಕಾಮಿನ ಜಾಗಕ್ಕೆ, ಅಂದರೆ ನಮ್ಮ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ, ಹೋಗಿ ನಿಂತಿತು. ಪರೀಕ್ಷಕರು ಅಪಸ್ವರವೆಂದು ಅಂಕ ಕಳೆದರು. ಅವನ ಮನೆಯಲ್ಲಿ ಅದೇ ಶುದ್ಧ ಸ್ವರ.

ಆ ಸಂಜೆ ನಾವು ನಾಲ್ವರು ತರಗತಿಯ ಪಿಯಾನೊದ ಮುಚ್ಚಳ ತೆಗೆದೆವು. ನನ್ನ ಕಿವಿ ನಿಖರವೆಂಬ ನಂಬಿಕೆಯಿಂದ ಶ್ರುತಿಯ ಚಾವಿಯನ್ನು ಗೆಳೆಯರು ನನ್ನ ಕೈಗೇ ಕೊಟ್ಟರು. ನಡುಸ್ಥಾಯಿಯ ಗಾಂಧಾರದ ಮೂರೂ ತಂತಿಗಳನ್ನು ಒಂದೊಂದಾಗಿ ಸಡಿಲಿಸಿ ಕಾಲು ಸ್ವರ ಇಳಿಸಿದೆ. ಮರುದಿನ ಹಾರ್ಮನಿಯ ಪ್ರಾಧ್ಯಾಪಕರು ಆ ಗಾಂಧಾರ ಸೇರಿದ ಸಿ ಮೇಜರ್ ಸ್ವರಮೇಳ ನುಡಿಸಲು ಬೆರಳಿಟ್ಟರೆ ಕೋಣೆಯ ತುಂಬ ಕೈರೋದ ಬೀದಿಯ ಧ್ವನಿ. ದೂರು ಉಸ್ತಾಜರಿಗೆ ಹೋಯಿತು.

ಸ್ವರಗಳ ನಡುವಿನ ಜಾಗ ನುಡಿಸಲಾಗದ ಪಿಯಾನೊದ ಈ ಜಗಳ ಅಲ್ಲಿ ಹೊಸದಲ್ಲ. ಉಸ್ತಾಜರೇ ಒಮ್ಮೆ ನಮ್ಮನ್ನು ರಾಮ್ಸೆಸ್ ಬೀದಿಯ ಅರಬ್ ಸಂಗೀತ ಸಂಸ್ಥೆಗೆ ಕರೆದೊಯ್ದು, ದೊರೆ ಮೊದಲನೆಯ ಫುವಾದ್ 1932ರಲ್ಲಿ ಕರೆದಿದ್ದ ಸಮ್ಮೇಳನದ ಕಥೆ ಹೇಳಿದ್ದರು. ಯುರೋಪಿನ ಸಂಗೀತ ರಚನಕಾರರಾದ ಬಾರ್ಟೋಕ್, ಹಿಂಡೆಮಿತ್ ಅವರಂಥವರು ಬಂದಿದ್ದ ಆ ಸಭೆಯಲ್ಲಿ ಅರಬ್ ಸಂಗೀತಕ್ಕೆ ಪಿಯಾನೊ ಬೇಕೆಂದವರಲ್ಲಿ ಈಜಿಪ್ಟಿನವರೇ ಹಲವರು; ಬೇಡವೆಂದವರಲ್ಲಿ ಯುರೋಪಿನ ವಿದ್ವಾಂಸರು ಹಲವರು. ಸ್ಥಾಯಿಯನ್ನು 24 ಸಮಭಾಗ ಮಾಡಿದರೆ ಸಾಕೇ ಎಂಬುದೂ ಅಲ್ಲಿ ಇತ್ಯರ್ಥವಾಗಲಿಲ್ಲ. ನಮ್ಮ ಆಕಾಶವಾಣಿಯು ಹಾರ್ಮೋನಿಯಮ್ಮನ್ನು 1940ರಿಂದ 1971ರವರೆಗೆ ಹೊರಗಿಟ್ಟಿದ್ದನ್ನು ನಾನು ಹೇಳಿದಾಗ, ಅವರು ಅದನ್ನು ಮತ್ತೊಮ್ಮೆ ಹೇಳಿಸಿ ಇಡೀ ತರಗತಿಗೆ ಕೇಳಿಸಿದರು. ಅದು ನನಗೆ ಇಂದಿಗೂ ಹೆಮ್ಮೆ.

ಈಗಿನ ಮಕ್ಕಳು ಮೊಬೈಲಿನಲ್ಲಿ ಹಸಿರು ದೀಪ ಹೊತ್ತಿದರೆ ಶ್ರುತಿ ಸೇರಿತೆಂದು ನಂಬುತ್ತಾರೆ. ಅಲ್ಲಿಯೂ ಹಾಗೆಯೇ, ಇಲ್ಲಿಯೂ ಹಾಗೆಯೇ. ಆ ದೀಪಕ್ಕೆ ಸೊಹಾಗಿನ ಗಾಂಧಾರವೂ ಗೊತ್ತಿಲ್ಲ, ನಮ್ಮ ತೋಡಿ ರಾಗದ ಗಾಂಧಾರವೂ ಗೊತ್ತಿಲ್ಲ ಎಂಬುದು ನನ್ನ ಸಂಕಟ.

ಅಂದು ದೂರು ಕೇಳಿ ಉಸ್ತಾಜರು ಬಂದರು, ಬೈಯಲಿಲ್ಲ. ಪಿಯಾನೊದ ಆ ಒಂದೇ ಮನೆಯನ್ನು ಕಣ್ಣು ಮುಚ್ಚಿ ಮೂರು ಸಲ ಒತ್ತಿದರು. "ಇದು ಬಯಾತಿ ಮಕಾಮಿಗೆ ಒಪ್ಪುವ ಸ್ವರ, ಮಕ್ಕಳೇ. ರಾಸ್ತಿನದು ಕೂದಲೆಳೆಯಷ್ಟು ಮೇಲೆ" ಎಂದು ಔದ್ ಎತ್ತಿಕೊಂಡು, ಸೊಹಾಗಿನ ಹುಡುಗನಿಗೆ ಹಾಡಲು ಹೇಳಿದರು. ಅವನು ಗಾಂಧಾರದ ಮೇಲೆ ನಿಂತನು. ಮೆಟ್ಟಿಲುಗಳಿಲ್ಲದ ಆ ಕತ್ತಿನ ಮೇಲೆ ಉಸ್ತಾಜರ ಬೆರಳು ಅವನ ದನಿಯನ್ನು ಹುಡುಕುತ್ತ ಮೇಲೆ ಸರಿದು, ಅಲ್ಲಿಯೇ ನಿಂತಿತು.