ರೆಟಿನಾ ಕೆಟ್ಟರೂ ಕಣ್ಣು ನೋಯುವುದಿಲ್ಲ

ಕಣ್ಣಿನ ಹಿಂಬದಿಯ ಪರದೆಗೆ, ಅಂದರೆ ರೆಟಿನಾಕ್ಕೆ, ನೋವು ತಿಳಿಸುವ ನರಗಳಿಲ್ಲ. ಅಲ್ಲಿ ರಕ್ತ ಜಿನುಗಿದರೂ ಗೊತ್ತಾಗದು. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಮುಚ್ಚಿಹಾಕುತ್ತದೆ ಬೇರೆ. 'ನನಗೆ ಚೆನ್ನಾಗಿಯೇ ಕಾಣುತ್ತಲ್ಲ' ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು.

ಸಕ್ಕರೆ ಕಾಯಿಲೆಯಲ್ಲಿ ರೆಟಿನಾದ ಸಣ್ಣ ರಕ್ತನಾಳಗಳು ಸಡಿಲಗೊಂಡು ಸೋರುತ್ತವೆ. ಟೈಪ್ 2 ಇದ್ದವರು ಕಾಯಿಲೆ ಪತ್ತೆಯಾದ ಕೂಡಲೇ, ಟೈಪ್ 1 ಇದ್ದವರು 5 ವರ್ಷದೊಳಗೆ ಮೊದಲ ಪರೀಕ್ಷೆ ಮಾಡಿಸಬೇಕು. ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಕನ್ನಡಕದ ನಂಬರ್ ನೋಡಿಸಿದ್ದು ಲೆಕ್ಕಕ್ಕಿಲ್ಲ! ಪಾಪೆ ಹಿಗ್ಗಿಸುವ ಹನಿ ಹಾಕಿ, 20-30 ನಿಮಿಷ ಕಾದು, ಒಳಗೆ ನೋಡಬೇಕು. ನಂತರ ನಾಲ್ಕಾರು ಗಂಟೆ ಅಕ್ಷರ ಮಸುಕು, ಬೆಳಕು ಚುಚ್ಚುತ್ತದೆ. ತಂಪು ಕನ್ನಡಕ ಒಯ್ಯಿರಿ, ವಾಹನ ಓಡಿಸಬೇಡಿ.

50 ದಾಟಿದವರು ಮನೆಯಲ್ಲೇ ಆಮ್ಸ್ಲರ್ ಚೌಕುಳಿ ಹಾಳೆ ಇಟ್ಟುಕೊಳ್ಳಬಹುದು. ಓದುವ ಕನ್ನಡಕ ಹಾಕಿ, ಸುಮಾರು 30 ಸೆಂ.ಮೀ. ದೂರದಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ ನಡುವಿನ ಚುಕ್ಕೆಯನ್ನೇ ನೋಡಿ. ಗೆರೆ ಡೊಂಕಾಗಿ ಕಂಡರೆ ಮ್ಯಾಕುಲಾ, ಅಂದರೆ ರೆಟಿನಾದ ನಡುಭಾಗ, ಕೆಡುತ್ತಿರಬಹುದು.

ಇದ್ದಕ್ಕಿದ್ದಂತೆ ಮಿಂಚು, ತೇಲುವ ಕಪ್ಪು ಚುಕ್ಕೆಗಳ ಹಿಂಡು, ಬದಿಯಿಂದ ನೆರಳು ಕವಿದಂತೆ ಕಂಡರೆ ಅದೇ ದಿನ ಹೊರಡಿ. ರೆಟಿನಾ ಬರೀ ಹರಿದಿದ್ದರೆ ಸಾಮಾನ್ಯವಾಗಿ ಲೇಸರ್ ಸಾಕು. ಕಳಚಿಕೊಂಡರೆ ಶಸ್ತ್ರಚಿಕಿತ್ಸೆಯೇ ಗತಿ.