ರೆಸಾರ್ಟ್ ಬುಕ್ ಮಾಡುವ ಮುನ್ನ, ಕಡಲಿಗೆ ಇಳಿಯುವ ಮುನ್ನ

ಗೋಕರ್ಣದಿಂದ ಮುರ್ಡೇಶ್ವರದವರೆಗೆ ಯಾವ ದೊಡ್ಡ ರೆಸಾರ್ಟಿಗೇ ಹೋಗಿ, ‘ಸೀ ವ್ಯೂ’ ಎಂಬ ಎರಡು ಪದಕ್ಕೆ ಮರುಳಾಗಬೇಡಿ. ಗುಡ್ಡದ ಮೇಲಿನ ಕಾಟೇಜಿನಿಂದ ಕಡಲು ಚೆಂದ ಕಾಣುತ್ತದೆ, ನಿಜ. ಆದರೆ ಅಜ್ಜ-ಅಜ್ಜಿ ತಿಂಡಿಗೂ ಊಟಕ್ಕೂ ಮೆಟ್ಟಿಲು ಹತ್ತಿಳಿಯಬೇಕಲ್ಲ! ಎಷ್ಟು ಮೆಟ್ಟಿಲು ಎಂದು ಫೋನಿನಲ್ಲೇ ಕೇಳಿ. ಬಾಡಿಗೆಯಲ್ಲಿ ಜಿಎಸ್‌ಟಿ ಸೇರಿದೆಯೇ ಎಂಬುದನ್ನೂ ಕೇಳಿ. ದಿನಕ್ಕೆ 7,500 ರೂಪಾಯಿವರೆಗೆ ಶೇ 5, ದಾಟಿದರೆ ಶೇ 18. ಅಂದರೆ 7,600ರ ಕೋಣೆಗೆ ತೆರಿಗೆಯೇ 1,368.

ಕಡಲಿನ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಎರಡೂ ಕಡೆ ಅಲೆ ಒಡೆದು ನೊರೆ ಏಳುತ್ತಿರುತ್ತದೆ, ನಡುವೆ ಒಂದು ಪಟ್ಟಿ ಮಾತ್ರ ಸಮತಟ್ಟಾಗಿ, ಕೊಂಚ ಮಣ್ಣುಬಣ್ಣವಾಗಿ ಕಾಣುತ್ತದೆ. ಶಾಂತವಾಗಿದೆ ಎಂದು ಮಕ್ಕಳನ್ನು ಅಲ್ಲೇ ಇಳಿಸುತ್ತಾರೆ. ದಡಕ್ಕೆ ಬಂದ ನೀರು ಮರಳನ್ನು ಎಳೆದುಕೊಂಡು ವಾಪಸ್ ಓಡುವ ದಾರಿಯೇ ಅದು. ಸಿಕ್ಕಿಕೊಂಡರೆ ದಡದತ್ತ ಈಜಿ ಸುಸ್ತಾಗಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ನೊರೆ ಇರುವ ಕಡೆಯಿಂದ ಹೊರಬರಬೇಕು. ಮಳೆಗಾಲದಲ್ಲಂತೂ ನೀರಿಗಿಳಿಯುವ ಮಾತೇ ಬೇಡ.

ಈಜುಕೊಳಕ್ಕೆ ನೈಲಾನ್ ಉಡುಪು ಒಯ್ಯಿರಿ. ಹತ್ತಿ ಬಟ್ಟೆಯ ನೂಲು ಫಿಲ್ಟರಿಗೆ ಕಟ್ಟಿಕೊಳ್ಳುವುದರಿಂದ ಚೂಡಿದಾರ್, ಬನಿಯನ್‌ನಲ್ಲಿ ಬಂದವರನ್ನು ತಡೆಯುತ್ತಾರೆ.

ಮೀನಿನೂಟಕ್ಕೆಂದೇ ಹೋಗುವವರು ಜೂನ್, ಜುಲೈ ಬಿಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧ. ಆಗಿನ ‘ತಾಜಾ’ ಇಸ್ವಾಣ (ಅಂಜಲ್ ಮೀನು) ಹೆಚ್ಚಾಗಿ ಐಸಿನಲ್ಲಿಟ್ಟದ್ದೇ.